ಇನ್ನೂರ ಹದಿನಾರನೆಯ ಕಲ್ಲು

17 ಆಗಸ್ಟ್ 1998, ಸೋಮವಾರ

ಇವತ್ತೂ ಎಂಟು ಕಲ್ಲು. ಅದು ಪುಸ್ತಕದಲ್ಲಿ ಬರೆದದ್ದು. ನಡೆದದ್ದು ಐದು.

ಹೊಸ ಸೂಪರ್‌ವೈಜರ್ ಬೆಳಿಗ್ಗೆ ಯರಗಟ್ಟಿ ಪಂಪಿಂಗ್ ಸ್ಟೇಷನ್ನಿನಲ್ಲಿ ನಿಲ್ಲಿಸಿಕೊಂಡು ಪಾಠ ಮಾಡಿದ. ನಾಲ್ಕು ಅಡಿ ಕೆಳಗೆ ಪೈಪಿನಲ್ಲಿ ಡೀಸೆಲ್ ಹರಿಯುತ್ತದಂತೆ. ಮೇಲೆ ನಡೆಯುವ ಲೈನ್‌ಮನ್ನನ ಕಣ್ಣೇ ಕಂಪನಿಯ ಕಣ್ಣಂತೆ. ಹುಲ್ಲು ಒಣಗಿದೆಯಾ, ಮಣ್ಣು ಒದ್ದೆಯಾಗಿದೆಯಾ, ವಾಸನೆ ಇದೆಯಾ, ಯಾರಾದರೂ ಅಗೆದಿದ್ದಾರಾ... ನೋಡಬೇಕು, ಬರೆಯಬೇಕು. ಕಿಲೋಮೀಟರಿಗೊಂದು ಕಲ್ಲು. 211ರಿಂದ 219ರ ತನಕ ನಾನು, ಅಲ್ಲಿಂದ ಮುಂದೆ ಅಮೋಘಸಿದ್ದಪ್ಪ. 219ರಲ್ಲಿ ಇಬ್ಬರೂ ಕೂಡಿ ಹಿತ್ತಾಳೆ ಬಿಲ್ಲೆ ಬದಲಿಸಿಕೊಳ್ಳಬೇಕು. ಸಂಜೆ ಅವನ ಬಿಲ್ಲೆ ನಾನು ತೋರಿಸಿದರೆ ಪೂರ್ತಿ ನಡೆದೆ ಎಂಬುದಕ್ಕೆ ಸಾಕ್ಷಿ. ಮೂರು ವರ್ಷದಿಂದ ಇದನ್ನೇ ಮಾಡುವವನಿಗೆ ಇದನ್ನೇ ಹೇಳಿದ. ಹೂಂ ಅಂದೆ.

ಅವನಿಗೆ ಗೊತ್ತಿಲ್ಲದ್ದು ಒಂದೇ. ಬಿಲ್ಲೆ ನಾವು 216ರಲ್ಲೇ ಬದಲಿಸುತ್ತೇವೆ. ಅಮೋಘಸಿದ್ದಪ್ಪನ ಮನೆ ಅದೇ ದಾರಿಯಲ್ಲಿ. ಸೈಕಲ್ ಮೇಲಿಂದ ಇಳಿಯುವುದೂ ಇಲ್ಲ. "ತಗೋ ಲಗಮಣ್ಣ. ನಿನಗ ನಡಿಯೂದು ಉಳೀತು, ನನಗ ಕಾಯೂದು ಉಳೀತು" ಅಂದು ಹೋಗುತ್ತಾನೆ. ಜೂನ್‌ನಿಂದ ಹೀಗೆ.

ಉಳಿದ ಮೂರು ಕಲ್ಲಿನ ಹೊತ್ತು ನನ್ನದು. 216ರ ಪಕ್ಕ ನಾಗರತ್ನಾಳ ಹೊಲ. ಹೊಲದಲ್ಲಿ ಮನೆ, ಮನೆ ಮುಂದೆ ಕಟ್ಟೆ, ಹತ್ತು ಹೆಜ್ಜೆಗೆ ಬಾವಿ. ಕಟ್ಟೆಯ ತುದಿಯಲ್ಲಿ ಕೂತು ಸ್ಟೇಷನ್ನಿನಿಂದ ತಂದ ನಿನ್ನೆಯ ಪೇಪರ್ ಓದುತ್ತೇನೆ. ಕೇಳುವವಳು ಅವಳ ಅತ್ತೆ ಗುರುಬಸವ್ವ.

"ದಿಲ್ಲ್ಯಾಗ ಏನ್ ನಡದೈತಿ, ಅದನ್ನ ಓದಪಾ ಮೊದಲ."

ದಿಲ್ಲಿ ಸುದ್ದಿಯನ್ನು ಎರಡು ಸಲ ಓದಿಸಿಕೊಳ್ಳುವ ಮುದುಕಿ ನೀರು ಕೊಡುವಾಗ ಮಾತ್ರ ಮಾರು ದೂರ ನಿಂತು ಮೇಲಿನಿಂದ ಸುರಿಯುತ್ತಾಳೆ. ನಮ್ಮ ಕೇರಿಯವರಿಗೆ ಹಾಗೆಯೇ. ಬೊಗಸೆ ಒಡ್ಡುತ್ತೇನೆ. ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸ್ ಬೊಗಸೆ.

ನಾಗರತ್ನಾ ಶೇಂಗಾ ಸುಲಿಯುತ್ತ ಕೂತಿರುತ್ತಾಳೆ. ಗಂಡ ತೀರಿ ನಾಲ್ಕು ವರ್ಷ. ಮಾತು ಕಡಿಮೆ. ಓದುವಾಗ ಅವಳ ಕೈ ನಿಂತರೆ ಆ ಸುದ್ದಿ ಅವಳಿಗೆ ಬೇಕು ಎಂದು ಅರ್ಥ. ಅಂಥದ್ದನ್ನು ನಿಧಾನವಾಗಿ ಓದುತ್ತೇನೆ. ಇಲ್ಲದ ಎರಡು ಸಾಲು ಸೇರಿಸಿಯೂ ಓದಿದ್ದುಂಟು.

4 ಸೆಪ್ಟೆಂಬರ್, ರಾತ್ರಿ

ಗುರುಬಸವ್ವ ಸವದತ್ತಿ ಗುಡ್ಡಕ್ಕೆ ಹೋಗಿದ್ದಳು. ಕೂರುವುದು ಸರಿಯಲ್ಲ ಎಂದು ಕಟ್ಟೆಯ ಕೆಳಗೇ ನಿಂತೆ. ನೀರು ಕೇಳಿದೆ. ನಾಗರತ್ನಾ ತಂಬಿಗೆ ತರಲಿಲ್ಲ. ಬಾವಿ ಕಡೆ ಕೈ ಮಾಡಿದಳು.

"ಹಗ್ಗ ಅಲ್ಲೇ ಐತಿ. ಸೇದ್ಕೊಳ್ರಿ."

"ನಾನ?"

"ಮತ್ತ ಇಲ್ಲಿ ಬ್ಯಾರೆ ಯಾರ್ ನಿಂತಾರ?"

ಸೇದಿದೆ. ಮೂವತ್ತೆರಡು ವರ್ಷ ವಯಸ್ಸು. ಇಲ್ಲಿಯ ತನಕ ನಮ್ಮ ಕೇರಿಯ ಬಾವಿ ಬಿಟ್ಟು ಬೇರೆ ಬಾವಿಯ ಹಗ್ಗ ಹಿಡಿದವನಲ್ಲ. ಹಗ್ಗ ಜಾರಿ ಅರ್ಧ ಕೊಡ ಚೆಲ್ಲಿತು. ರುಚಿ ಏನು, ನೀರಿನ ರುಚಿಯೇ. ಆದರೂ ಕುಡಿದೆ, ಕುಡಿದೆ...

"ಸಾಕ್ರೀ. ಹೊಟ್ಟಿ ಒಡದೀತು" ಅಂದು ನಕ್ಕಳು. ಅವಳು ನಕ್ಕದ್ದನ್ನು ಮೊದಲ ಸಲ ನೋಡಿದೆ.

ಮನೆಗೆ ಬಂದರೆ ಅವ್ವ ಮುಖ ನೋಡಿದ ಕೂಡಲೇ ಕೇಳಿದಳು, "ಏನೋ, ಪ್ರಮೋಷನ್ ಬಂತೇನು?" ಈ ಸಾವಂತ್ರೆವ್ವನ ಕಣ್ಣು ತಪ್ಪಿಸಲು ಆಗುವುದಿಲ್ಲ. ಹೇಳಿಬಿಟ್ಟೆ. ಅವ್ವ ಒಲೆಗೆ ಕಟ್ಟಿಗೆ ಇಟ್ಟಳು. "ಆಕಿ ಚೊಲೋ ಆಕಿ ಇದ್ದಾಳು. ನೀ ಅಷ್ಟಕ್ಕ ಮರಾ ಏರಬ್ಯಾಡ" ಅಂದಳು.

ಏರಿ ಆಗಿದೆ.

28 ಸೆಪ್ಟೆಂಬರ್

ಯರಗಟ್ಟಿಯಲ್ಲಿ ರಸ್ತಾ ರೋಕೋ. ಬೆಳಗಾವಿ ಬಸ್ಸುಗಳೆಲ್ಲ ಸಾಲುಗಟ್ಟಿ ನಿಂತಿದ್ದವು. 'ಎಣ್ಣೆ ಲೈನ್ ಬಂದ್ ಹೋರಾಟ ಸಮಿತಿ'. ಅಧ್ಯಕ್ಷ ದುಂಡಪ್ಪ, ನಾಗರತ್ನಾಳ ಗಂಡನ ಅಣ್ಣ. ಲೈನ್ ಹಾದ ಹೊಲದಲ್ಲಿ ಗಿಡ ಹಚ್ಚುವಂತಿಲ್ಲ, ಬಾವಿ ತೋಡುವಂತಿಲ್ಲ, ಮನೆ ಕಟ್ಟುವಂತಿಲ್ಲ. ನಮ್ಮ ಭೂಮಿಯಲ್ಲಿ ನಾವೇ ಪರದೇಶಿಗಳು ಎಂದು ಭಾಷಣ. ಎದುರಿಗೆ ಲೈನಿನ ಎಣ್ಣೆ ತುಂಬುವ ಡಿಪೋದ ಟ್ಯಾಂಕರ್ ಡ್ರೈವರುಗಳು, ಹಮಾಲರು. ಲೈನ್ ಬಂದಾದರೆ ನಮ್ಮ ಒಲೆ ಬಂದ್ ಎಂದು ಅವರ ಘೋಷಣೆ. ಬರುವ ವರ್ಷ ಎಲೆಕ್ಷನ್ ಬಂದರೂ ಬಂದೀತು, ಅದಕ್ಕೆ ಎಲ್ಲ ಪಕ್ಷದವರೂ ಎರಡೂ ಕಡೆ ಹೋಗಿ ಕೈಮುಗಿದು ಬಂದರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಖಾಕಿ ಅಂಗಿ ಹಾಕಿದ ನನ್ನನ್ನು ಇವರೂ ಬೈದರು, ಅವರೂ ಬೈದರು.

ಕಟ್ಟೆಯ ಮೇಲೆ ಇದನ್ನೆಲ್ಲ ಹೇಳುವಾಗ ನಾಗರತ್ನಾ ಕೇಳಿದಳು, "ಲೈನ್ ಬಂದ್ ಆತಂದ್ರ ನೀವು ಈ ಕಡೆ ಬರೂದಿಲ್ಲೇನ್ರಿ?"

"ಏನಂತ ಬರ್ಲಿ?" ಅಂದೆ.

ಅವಳು ಶೇಂಗಾ ಮೊರ ಎತ್ತಿಕೊಂಡು ಒಳಗೆ ಹೋದಳು.

ಲೈನ್ ಮುಚ್ಚಿದರೆ ಏನು ನೆವ ಹೇಳಿ ಅಲ್ಲಿಗೆ ಹೋಗಲಿ? ಮೊದಲು ಬಂದ ಚಿಂತೆ ಇದು. ಹೊಟ್ಟೆಪಾಡು ಏನು ಎಂಬ ಚಿಂತೆ ಆಮೇಲೆ ಬಂತು. ನಾಚಿಕೆ ಬಿಟ್ಟು ಬರೆದಿದ್ದೇನೆ. ಯಾರು ಓದುತ್ತಾರೆ.

11 ನವೆಂಬರ್, ಬುಧವಾರ

ಗುರುಬಸವ್ವ ಬಾಯಿಗೆ ಹಾಕಿದ ನೀರನ್ನು ಥೂ ಎಂದು ಉಗುಳಿದಳು. "ಯವ್ವಾ, ನೀರು ಚಿಮಣಿ ಎಣ್ಣಿ ನಾತ ಹೊಡ್ಯಾಕತ್ತೈತಿ!"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಎದ್ದೆ. ಪೇಪರ್ ಅಲ್ಲೇ ಬಿಟ್ಟು 217ರ ಕಡೆ ಓಡಿದೆ.

ದೂರ ಏನೂ ಹೋಗಬೇಕಾಗಲಿಲ್ಲ. ಹಳ್ಳದ ದಂಡೆಯಲ್ಲಿ, ಲೈನಿನ ಮೇಲೆ, ಎರಡು ಹಾಸಿಗೆಯಷ್ಟು ಅಗಲ ಹುಲ್ಲು ಸತ್ತಿದೆ. ಮಣ್ಣು ಕಪ್ಪು, ಜಿಡ್ಡು. ಮುಟ್ಟಿ ಮೂಸಿದೆ. ಡೀಸೆಲ್. ಹುಲ್ಲು ಇವತ್ತು ನಿನ್ನೆ ಸತ್ತದ್ದಲ್ಲ, ತಿಂಗಳ ಮೇಲಾಗಿದೆ. ಅಲ್ಲಿಂದ ಇಳಿಜಾರು ನೇರ ಅವಳ ಬಾವಿಗೆ.

ಕಟ್ಟೆಯಿಂದ ಕೂಗಿದರೆ ಕೇಳುವಷ್ಟು ದೂರ. ಜೂನ್‌ನಿಂದ ಒಂದು ದಿನ ಎದ್ದು ಇಷ್ಟು ನಡೆದಿದ್ದರೆ ಸಾಕಿತ್ತು.

ಸಂಜೆ ಪುಸ್ತಕ ತೆಗೆದೆ. ಇವತ್ತು ಕಂಡಿತು ಎಂದು ಬರೆದರೆ ಕೇಳುತ್ತಾರೆ — ನಿನ್ನೆ? ಮೊನ್ನೆ? ಹೋದ ತಿಂಗಳು? ಪೆನ್ನು ಹಿಡಿದು ಕೂತೇ ಇದ್ದೆ. ಬರೆದೆ: 'ಎಂಟು ಕಲ್ಲು. ಎಲ್ಲ ಓಕೆ.' ನಾಳೆ ಬರೆದರಾಯಿತು.

12 ನವೆಂಬರ್

ಓಕೆ.

15 ನವೆಂಬರ್

ಓಕೆ. ಅಮೋಘಸಿದ್ದಪ್ಪನಿಗೆ ತೋರಿಸಿದೆ. ಅವನು ಸೈಕಲ್ ತಿರುಗಿಸಿಕೊಂಡು ನಿಂತ. "ಬಾಯಿ ಮುಚ್ಚು ಮಾರಾಯ. ಬಿಲ್ಲೆ ಸುದ್ದಿ ಹೊರಗ ಬಂತಂದ್ರ ಇಬ್ರೂ ಮುಳಗ್ತೇವಿ. ನನಗ ಮೂರು ಹೆಣ್ಣು."

ನಾಗರತ್ನಾಳಿಗೆ ಆ ನೀರು ಕುಡೀಬೇಡಿ ಅಂದೆ.

"ಯಾಕ್ರೀ? ಲೈನ್ ಒಡದೈತೇನು?"

"ನೋಡಬೇಕು."

ನೋಡಬೇಕು! ನೋಡಿ ಬಂದವನ ಬಾಯಿಂದ ಈ ಮಾತು. ಅವಳು ನನ್ನನ್ನು ನಂಬಿ ತಲೆ ಆಡಿಸಿದಳು. ಬೈದಿದ್ದರೆ ಚೆನ್ನಾಗಿತ್ತು.

2 ಡಿಸೆಂಬರ್

ಅವಳೇ ಒಂದು ಬಾಟಲಿ ನೀರು ತುಂಬಿ ಭಾವನಿಗೆ ಕೊಟ್ಟಳು. ದುಂಡಪ್ಪ ಅದನ್ನು ಊರೂರು ಮೆರೆಸಿದ. ಮುನವಳ್ಳಿಯಲ್ಲಿ ಸಭೆ, ಸವದತ್ತಿಯಲ್ಲಿ ಸಭೆ. ವೇದಿಕೆಯ ಮೇಲೆ ಬಾಟಲಿಗೇ ಒಂದು ಕುರ್ಚಿ.

ಕಂಪನಿಯ ದೊಡ್ಡ ಸಾಹೇಬರು ಬಂದರು. ಅಗೆದು ನೋಡಿ ಎಂದು ಊರವರು. ಅಗೆಯಬೇಕೆಂದರೆ ಲೈನ್ ನಿಲ್ಲಿಸಬೇಕು, ನಿಲ್ಲಿಸಿದರೆ ಸಮಿತಿ ಗೆದ್ದಂತೆ — ಆದ್ದರಿಂದ ಅಗೆಯುವುದಿಲ್ಲ ಎಂದು ಸಾಹೇಬರು. ಆಮೇಲೆ ನನ್ನ ಪುಸ್ತಕ ತೆಗೆದು ಜನರಿಗೆ ತೋರಿಸಿದರು. "ನೋಡಿ, ನಮ್ಮ ಲೈನ್‌ಮನ್ ದಿನಾ ನಡೆದು ಬರೆದಿದ್ದಾನೆ. ಒಂದು ದಿನವೂ ಕಂಪ್ಲೇಂಟ್ ಇಲ್ಲ. ನೆಲದ ಮೇಲಿನದು ಯಾರೋ ಚೆಲ್ಲಿದ ಎಣ್ಣೆ."

ನನ್ನ ಅಕ್ಷರ ದುಂಡಗಿದೆ ಎಂದು ಹೊಗಳಿದರು.

21 ಜನವರಿ 1999

ದುಂಡಪ್ಪ ತಿರುಗಿಬಿದ್ದ. ಡಿಪೋಕ್ಕೆ ಹೊಸ ರಸ್ತೆ ಆಗುತ್ತದಂತೆ, ಕಂತ್ರಾಟು ಅವನ ಅಳಿಯನಿಗಂತೆ. ನಿನ್ನೆ ಸಭೆಯಲ್ಲಿ ಅಂದನಂತೆ, "ಅದು ಲೈನಿನ ಎಣ್ಣಿ ಅಲ್ಲ. ನಮ್ಮ ತಮ್ಮನ ಹೆಂಡ್ತಿ ಪಂಪ್‌ಸೆಟ್ಟಿಂದು. ಹೆಣ್ಮಗಳು, ತಿಳೀದ ಚೆಲ್ಲ್ಯಾಳ." ಹಿಂದೆ ಕೂತವರು ಇನ್ನೂ ಮುಂದೆ ಹೋದರು. ಪರಿಹಾರದ ಆಸೆಗೆ ಅವಳೇ ಬಾವಿಗೆ ಎಣ್ಣೆ ಸುರಿದಿದ್ದಾಳೆ ಎಂದರು. ಸಮಿತಿ ಒಡೆದು ಎರಡಾಯಿತು. ಎರಡರಲ್ಲೂ ಅವಳ ಪರ ಯಾರೂ ಇಲ್ಲ.

ಇವತ್ತು ಕಟ್ಟೆಗೆ ಹೋದೆ. ಪೇಪರ್ ಬಿಚ್ಚಿದೆ. ಗುರುಬಸವ್ವ, "ಬ್ಯಾಡಪಾ. ಈಗ ಪೇಪರ್‌ನ್ಯಾಗ ನಾವ ಬರಾಕತ್ತೇವಿ" ಅಂದಳು. ನಾಗರತ್ನಾ ಅರ್ಧ ಮೈಲಿ ಆಚೆಯ ಬೋರಿಂಗಿನಿಂದ ನೀರು ಹೊತ್ತು ತರುತ್ತಿದ್ದಳು. ತಲೆಯ ಮೇಲೊಂದು, ಸೊಂಟದಲ್ಲೊಂದು.

"ನೀವು ದಿನಾ ನಡೀತೀರಿ. ನೀವು ನನ್ನ ನಂಬತೀರಿಲ್ರೀ?" ಅಂದಳು.

"ನಂಬತೇನ್ರಿ."

"ಅಷ್ಟ ಸಾಕು."

ಸಾಕಂತೆ.

19 ಫೆಬ್ರವರಿ

ಬರುವ ಶುಕ್ರವಾರ ಸವದತ್ತಿಯಲ್ಲಿ ವಿಚಾರಣೆ. ಬೈಲಹೊಂಗಲದಿಂದ ಎ.ಸಿ. ಸಾಹೇಬರು ಬರುತ್ತಾರೆ. ಲೈನ್ ನಿಲ್ಲಿಸಿ ಅಗೆಯಬೇಕೋ ಬೇಡವೋ ತೀರ್ಮಾನ ಆ ದಿನ. ಕಂಪನಿಯ ಸಾಕ್ಷಿ ನಾನು. ಸೂಪರ್‌ವೈಜರ್ ಹೆಗಲ ಮೇಲೆ ಕೈ ಹಾಕಿದ. "ಪುಸ್ತಕದಲ್ಲಿದ್ದದ್ದನ್ನು ಓದು, ಸಾಕು. ಏಪ್ರಿಲ್‌ನಲ್ಲಿ ಪರ್ಮನೆಂಟ್ ಲಿಸ್ಟ್ ಬರುತ್ತೆ."

ಓದಿದರೆ ಲೈನ್ ಉಳಿಯುತ್ತದೆ, ಕೆಲಸ ಉಳಿಯುತ್ತದೆ, 216 ಉಳಿಯುತ್ತದೆ. ಅವಳು ಸುಳ್ಳಿ ಆಗುತ್ತಾಳೆ. ಜೀವಮಾನ ಪೂರ್ತಿ. ಆಮೇಲೂ ದಿನಾ ಬೆಳಿಗ್ಗೆ ಹೋಗಿ ಅವಳೆದುರಿಗೇ ಆ ಕಟ್ಟೆಯ ಮೇಲೆ ಕೂರಬೇಕಾದವನು ನಾನು. ಓದದಿದ್ದರೆ ಕೂರಲು ಕಟ್ಟೆಯೇ ಇಲ್ಲ.

ಅವ್ವನಿಗೆ ಎಲ್ಲ ಹೇಳಿದೆ. ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ನಮ್ಮ ಮಂದಿ ಮುಟ್ಟಿದ್ರ ಬಾವಿ ಕೆಡತೈತಿ ಅಂತಿದ್ರು. ಸುಳ್ಳದು. ನೀ ಮುಟ್ಟಿ ಕೆಡಸಲಿಲ್ಲ ತಮ್ಮಾ. ನೋಡಲಾರದ ಕೆಡಸಿದಿ." ರೊಟ್ಟಿ ತಿರುವಿ ಹಾಕಿದಳು. "ಆಕಿ ನಿನಗ ಹಗ್ಗಾ ಕೊಟ್ಲು. ನೀ ಆಕಿಗೆ ಏನ್ ಕೊಡ್ತಿ, ನೋಡು."

ರೊಟ್ಟಿ ತಟ್ಟೆಯಲ್ಲೇ ಬಿಟ್ಟು ಎದ್ದೆ.

26 ಫೆಬ್ರವರಿ, ಶುಕ್ರವಾರ, ಸಂಜೆ 6

ಮುಗಿಯಿತು. ಕ್ರಮವಾಗಿ ಬರೆಯುತ್ತೇನೆ.

ಹಾಲ್ ತುಂಬ ಜನ. ಒಂದು ಕಡೆ ಡ್ರೈವರುಗಳು, ಒಂದು ಕಡೆ ಒಡೆದ ಸಮಿತಿಯ ಎರಡು ತುಂಡು. ನಾಗರತ್ನಾ ಗುರುಬಸವ್ವನ ಜೊತೆ ಕೊನೆಯ ಬೆಂಚಿನಲ್ಲಿ. ತೊಡೆಯ ಮೇಲೆ ಬಾಟಲಿ. ಅವಳನ್ನು ಮೊದಲು ಕರೆದರು. "ನನ್ನ ಪಂಪ್‌ಸೆಟ್ ಕರೆಂಟಿಂದು ಸಾಹೇಬ್ರ. ಡೀಸೆಲ್ಲಿಂದಲ್ಲ" ಎಂದಷ್ಟೇ ಹೇಳಿದಳು. ಯಾರೋ ಶಿಳ್ಳೆ ಹಾಕಿದರು. ದುಂಡಪ್ಪ ನೆಲ ನೋಡುತ್ತಿದ್ದ.

ಆಮೇಲೆ ನಾನು. ಪುಸ್ತಕ ಕೈಗೆ ಕೊಟ್ಟರು. ಓದು ಅಂದರು. ತೆರೆದೆ. ಎಲ್ಲ ಪುಟದಲ್ಲೂ ನನ್ನ ದುಂಡು ಅಕ್ಷರ. ಮುಚ್ಚಿದೆ.

"ಇದು ಸುಳ್ಳು ಬರದದ್ದು ಸರ್. ಜೂನ್‌ದಿಂದ ನಾನು 216ರ ಮುಂದ ನಡದಿಲ್ಲ. ಎಣ್ಣಿ ಲೈನಿಂದ. ನವೆಂಬರ್ ಹನ್ನೊಂದಕ್ಕ ನಾ ಕಣ್ಣಾರೆ ನೋಡೇನಿ. ನೋಡಿನೂ ಓಕೆ ಅಂತ ಬರದೇನಿ. ಆ ಅಕ್ಕಾರದು ಏನೂ ತಪ್ಪಿಲ್ಲ."

ಅಕ್ಕ ಅಂದೆ. ಮಂದಿಯ ಮುಂದೆ ಬೇರೆ ಏನನ್ನಲಿ?

ಗದ್ದಲ. ಬಿಲ್ಲೆ ಹೇಗೆ ಬಂತು ಎಂದು ಕೇಳಿದರು. ನಾನೇ ಅಮೋಘಸಿದ್ದಪ್ಪನಿಗೆ ಮೋಸ ಮಾಡಿದೆ, ಸಾಹೇಬರು ಹೇಳಿದ್ದಾರೆ ಎಂದು 216ಕ್ಕೆ ಕರೆಸಿಕೊಂಡೆ ಅಂದೆ. ನಂಬಿದರೋ ಇಲ್ಲವೋ.

ಎ.ಸಿ. ಸಾಹೇಬರು ಕನ್ನಡಕ ತೆಗೆದು ಕೇಳಿದರು, "ಯಾಕೆ ನಡೀಲಿಲ್ಲ?"

ಅವಳು ನೋಡುತ್ತಿದ್ದಳು. ಊರಿಗೆ ಊರೇ ಕಿವಿ ಕೊಟ್ಟು ನಿಂತಿತ್ತು. ನಿಜ ಹೇಳಿದರೆ ನಾಳೆ ಬೆಳಗಾಗುವುದರೊಳಗೆ ಅವಳ ಹೆಸರು ನಾಲ್ಕು ತಾಲೂಕಿನ ಬಾಯಲ್ಲಿ.

"ಕಾಲು ನೋವ್ರಿ ಸರ್."

ಹಾಲ್ ಎಲ್ಲ ನಕ್ಕಿತು. ಲೈನ್‌ಮನ್ನನಿಗೆ ಕಾಲು ನೋವು! ಡ್ರೈವರುಗಳೂ ನಕ್ಕರು, ಸಮಿತಿಯೂ ನಕ್ಕಿತು. ಆರು ತಿಂಗಳಲ್ಲಿ ಎರಡೂ ಕಡೆಯವರು ಒಂದಾದದ್ದು ಅದೊಂದೇ ಸಲ. ನಗದೆ ಕೂತವಳು ಒಬ್ಬಳು.

ಹೊರಗೆ ಬಂದಾಗ ಅವಳನ್ನು ಹುಡುಕಿದೆ. ಬಸ್ಸು ಹೋಗಿತ್ತು.

14 ಮಾರ್ಚ್

ಲೈನ್ ನಿಲ್ಲಿಸಿದರು. ಅಗೆದರು. ಜೋಳದ ಕಾಳಿನಷ್ಟು ತೂತು. ಅಷ್ಟೇ.

ದುಂಡಪ್ಪ ಮತ್ತೆ ಅಧ್ಯಕ್ಷ. ಜೀಪಿನಲ್ಲಿ ನಿಂತು ಮೆರವಣಿಗೆ, ಗುಲಾಲು, 'ನಮ್ಮ ಹೋರಾಟಕ್ಕೆ ಜಯ'. ಕಂತ್ರಾಟಿನ ರಸ್ತೆಯೂ ನಡೆದಿದೆಯಂತೆ. ಡ್ರೈವರುಗಳು ಡಿಪೋ ಗೇಟಿನಲ್ಲಿ ಉಪವಾಸ ಕೂತಿದ್ದಾರೆ. ನನ್ನನ್ನು ಕಂಡು ಒಬ್ಬ ಉಗುಳಿದ. ಅವನ ಸಿಟ್ಟು ಸುಳ್ಳಲ್ಲ. ಲೈನ್ ಮತ್ತೆ ಬಿಡುವುದೋ ಶಾಶ್ವತ ಬಂದ್ ಮಾಡುವುದೋ ಎಂದು ಬೆಂಗಳೂರಿನಲ್ಲಿ ಜಗಳ. ಎಲೆಕ್ಷನ್ ಮುಗಿಯುವ ತನಕ ಯಾರೂ ಬಾಯಿ ಬಿಡುವುದಿಲ್ಲ.

ನನ್ನನ್ನು ವಿಚಾರಣೆಯ ದಿನವೇ ಕೆಲಸದಿಂದ ತೆಗೆದಿದ್ದರು. ಅಮೋಘಸಿದ್ದಪ್ಪ ಉಳಿದುಕೊಂಡ. ಎದುರಿಗೆ ಸಿಕ್ಕಾಗ ಸೈಕಲ್ ಬೆಲ್ ಮಾತ್ರ ಹೊಡೆದ.

30 ಏಪ್ರಿಲ್, ಬುದ್ಧ ಪೂರ್ಣಿಮೆ

ಕೇರಿಯಲ್ಲಿ ವಂದನೆ, ಪಾಯಸ. ಮಂದಿ ನನ್ನನ್ನು ಮುಂದೆ ಕೂರಿಸಿ 'ಸತ್ಯ ಹೇಳಿದವ' ಎಂದು ಶಾಲು ಹೊದಿಸಲು ಬಂದರು. ಎದ್ದು ಬಂದೆ. ಸತ್ಯದಲ್ಲಿ ಅರ್ಧ ಹೇಳಿದವನಿಗೆ ಅರ್ಧ ಶಾಲು ಕೊಡಬೇಕಾಗುತ್ತದೆ.

ಮುನವಳ್ಳಿಯ ಗಿರಣಿಯಲ್ಲಿ ಕೆಲಸ ಸಿಕ್ಕಿದೆ. ನಿಂತಲ್ಲೇ ನಿಲ್ಲುವ ಕೆಲಸ. ಹತ್ತು ಗಂಟೆಯಾದರೆ ಕಾಲು ತಾವಾಗಿ ಬಾಗಿಲ ಕಡೆ ತಿರುಗುತ್ತವೆ. ಈಗ 214 ದಾಟಿರುತ್ತಿದ್ದೆ. ಈಗ ಅವಳ ಹೊಲದ ಬೇವಿನ ಮರ ಕಾಣುತ್ತಿತ್ತು. ಈಗ ಅವಳು ಮೊರ ತೊಡೆಯ ಮೇಲಿಟ್ಟುಕೊಂಡು... ಹಿಟ್ಟು ಚೆಲ್ಲಿ ಬೈಸಿಕೊಂಡೆ.

ನೋಡಬೇಕು ಅನಿಸುತ್ತದೆ. ಮಾತು ಬೇಡ, ನೀರು ಬೇಡ. ದೂರದಿಂದ ಒಂದು ಸಲ. ಎರಡು ತಿಂಗಳಾಯಿತು, ಅವಳ ದನಿ ಮರೆತೀತು ಎಂದು ಹೆದರಿಕೆ.

9 ಮೇ

ಹೋಗಲಿಲ್ಲ.

16 ಮೇ

214ರ ತನಕ ಹೋಗಿ ತಿರುಗಿ ಬಂದೆ.

23 ಮೇ, ಭಾನುವಾರ

ಹೋಗಿದ್ದೆ. ಖಾಕಿ ಇಲ್ಲ, ಬಿಲ್ಲೆ ಇಲ್ಲ, ಪೇಪರ್ ಕೂಡ ಇಲ್ಲ. ನೆವವೇ ಇಲ್ಲ.

ಬಾವಿಯನ್ನು ಎರಡು ಸಲ ತೊಳೆಸಿದ್ದಾರೆ, ನೀರು ಇನ್ನೂ ನಾರುತ್ತದೆ. ನಾಗರತ್ನಾ ಬೋರಿಂಗಿನಿಂದ ಆಗಷ್ಟೇ ಬಂದು ಕಟ್ಟೆಗೆ ಕೊಡ ಇಳಿಸಿದ್ದಳು. ಸೊರಗಿದ್ದಾಳೆ. ಬಿಸಿಲಿಗೆ ಮುಖ ಕಪ್ಪಾಗಿದೆ. ಕೂತ್ಕೊಳ್ರಿ ಅನ್ನಲಿಲ್ಲ.

"ಕಾಲು ನೋವಂದ್ರಿ ಅವತ್ತ" ಅಂದಳು. "ಈ ಕಟ್ಟಿ ಮ್ಯಾಲ ತಾಸಗಟ್ಲೆ ಕುಂತಾಗ ಒಂದ್ ದಿನಾನೂ ಕಾಲು ನೋವು ಅಂದಿದ್ದಿಲ್ಲ."

ಇನ್ನು ಯಾರ ಮುಂದೆ ಮುಚ್ಚಿಡಲಿ?

"ಏಳಾಕ ಮನಸ್ ಬರ್ತಿದ್ದಿಲ್ರೀ" ಅಂದೆ.

"ಗೊತ್ತಿತ್ತು." ಬಾವಿ ಕಡೆ ನೋಡಿದಳು. "ಏಳ್ರಿ ಅನ್ನಾಕ ನನಗೂ ಮನಸ್ ಬರ್ತಿದ್ದಿಲ್ಲ. ಅದು ಬ್ಯಾರೆ ಮಾತು. ಆದ್ರ ನೋಡೂದು ನಿಮ್ಮ ಕೆಲಸ ಇತ್ತು. ನಿಮ್ಮ ಆಶಾಕ ನನ್ನ ನೀರು ಹೋತು."

ತಪ್ಪಾಯಿತು ಅನ್ನಬೇಕಿತ್ತು. ಬೇರೆ ಎರಡು ಖಾಲಿ ಕೊಡ ಕಟ್ಟೆಯ ಪಕ್ಕ ಇದ್ದವು. ಕೇಳದೆ ಎತ್ತಿಕೊಂಡೆ. ಅರ್ಧ ಮೈಲಿ ಹೋದೆ, ಬೋರಿಂಗ್ ಹೊಡೆದೆ, ತುಂಬಿದೆ, ತಂದೆ. ದಾರಿಯಲ್ಲಿ ಇಬ್ಬರು ನಿಂತು ನೋಡಿದರು. ನೋಡಲಿ.

ಕಟ್ಟೆಯ ಮೇಲೆ ಇಳಿಸುವಾಗ ಗುರುಬಸವ್ವ ಬಾಗಿಲಿಗೆ ಬಂದಳು. ಕೊಡ ನೋಡಿದಳು, ನನ್ನನ್ನು ನೋಡಿದಳು.

"ನಾಗೂ, ಆ ನೀರು ದನಕ್ಕ ಇರ್ಲಿ."

ನಾಗರತ್ನಾ ಒಂದು ಕೊಡ ಸೊಂಟಕ್ಕೆ ಎತ್ತಿಕೊಂಡು ಅತ್ತೆಯ ಪಕ್ಕದಿಂದಲೇ ಒಳಗೆ ಹೋದಳು. ಅಡುಗೆಮನೆಯಲ್ಲಿ ಹಂಡೆಗೆ ಸುರಿದ ಸದ್ದು ನಮ್ಮಿಬ್ಬರಿಗೂ ಕೇಳಿಸಿತು. ಹೊರಗೆ ಬಂದು ಇನ್ನೊಂದನ್ನೂ ಒಯ್ದಳು. ಮುದುಕಿ ಬಾಗಿಲು ಬಿಟ್ಟು ಸರಿದು ನಿಂತಳು.

ಖಾಲಿ ಕೊಡ ತಂದು ನನ್ನ ಕೈಗೆ ಕೊಟ್ಟಳು. ನಗಲಿಲ್ಲ, ಮುಖ ನೋಡಲಿಲ್ಲ.

"ಇನ್ನಾ ಆರು ಕೊಡ ಬೇಕು. ದಿನಾ ಬೇಕು."

ಆರೂ ತಂದೆ. ಹೆಗಲು ಉರಿಯುತ್ತಿದೆ, ಬರೆಯಲು ಕೈ ಏಳುತ್ತಿಲ್ಲ. ಗಿರಣಿ ಒಂಬತ್ತಕ್ಕೆ. ಐದಕ್ಕೆ ಎದ್ದರೆ ಆರರೊಳಗೆ 216. ಅವ್ವನಿಗೆ ಇನ್ನೂ ಹೇಳಿಲ್ಲ, ಹೇಳಬೇಕು. ನಾಳೆ ಮೊದಲನೆಯ ಕೊಡ ಬಿಸಿಲೇರುವ ಮೊದಲೇ ತುಂಬಬೇಕು.